ಸೈಕಲ್‌ಗೆ ಭಾರ ಕಟ್ಟಿ ತುಳಿದರೆ ಕಾಲಿಗೆ ಬಲ ಬರುತ್ತದೆಯೇ?

ಪ್ರಶ್ನೆ: ದಿನ ಬಿಟ್ಟು ದಿನ 40 ಕಿ.ಮೀ. ಸೈಕಲ್ ತುಳಿಯುತ್ತೇನೆ. ಬಹುಪಾಲು ಸಮತಟ್ಟು ರಸ್ತೆ, ವೇಗ ಗಂಟೆಗೆ ಸುಮಾರು 25 ಕಿ.ಮೀ. ನನ್ನ ತೂಕ 68 ಕಿಲೋ, ಸೈಕಲ್‌ದು 12. ಈಗೀಗ ದಣಿವೇ ಆಗುತ್ತಿಲ್ಲ. ಕ್ಯಾರಿಯರ್ ಮೇಲೆ 10 ಕಿಲೋ ಮರಳಿನ ಚೀಲ ಕಟ್ಟಿಕೊಂಡು ಅಭ್ಯಾಸ ಮಾಡಿದರೆ ಕಾಲಿಗೆ ಬಲ ಬರುತ್ತದೆಯೇ? ನಾಲ್ಕು ತಿಂಗಳ ನಂತರ ಸಾಮಾನು ಹೇರಿಕೊಂಡು ದೂರದ ಪ್ರವಾಸಕ್ಕೆ ಹೋಗುವ ಯೋಚನೆಯೂ ಇದೆ.

ಉತ್ತರ: ಕಾಲಿನ ಬಲಕ್ಕಾಗಿಯೇ ಆದರೆ ಭಾರ ಬೇಡ. ಪ್ರವಾಸದ ತಯಾರಿಗಾದರೆ ಖಂಡಿತ ಬೇಕು. ಎರಡಕ್ಕೂ ಕಾರಣ ಬೇರೆ ಬೇರೆ.

ಸಮತಟ್ಟು ರಸ್ತೆಯಲ್ಲಿ 25 ಕಿ.ಮೀ. ವೇಗದಲ್ಲಿ ಹೋಗುವಾಗ ನಿಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ನೆಟ್ಟಗೆ ಕೂತು ತುಳಿಯುವವರಿಗೆ ಅದು ಹೆಚ್ಚು ಕಡಿಮೆ 80 ವ್ಯಾಟ್. ಗಾಳಿಗೆ ನಿಮ್ಮ ತೂಕ ಎಷ್ಟೆಂಬುದು ಲೆಕ್ಕಕ್ಕಿಲ್ಲ, ಮೈ ಎಷ್ಟು ಅಗಲವಾಗಿ ಎದುರು ನಿಂತಿದೆ ಎಂಬುದಷ್ಟೇ ಲೆಕ್ಕ. 10 ಕಿಲೋ ಹೇರಿದಾಗ ಹೆಚ್ಚುವುದು ಟೈರು ರಸ್ತೆಗೆ ಒತ್ತಿಕೊಂಡು ಉರುಳುವಾಗಿನ ತಡೆ ಮಾತ್ರ, ಅದು ಸುಮಾರು 4 ವ್ಯಾಟ್. ಭಾರ ಕಟ್ಟದೆ, ವೇಗವನ್ನು 25ರಿಂದ 25.5ಕ್ಕೆ ಏರಿಸಿದರೂ ಇದಕ್ಕಿಂತ ಹೆಚ್ಚು ಶ್ರಮ ಬೀಳುತ್ತದೆ. ನಿಂತಲ್ಲಿಂದ ಹೊರಡುವಾಗ ಸೈಕಲ್ ಭಾರ ಅನ್ನಿಸುವುದು ನಿಜ, ಆದರೆ ಒಮ್ಮೆ ವೇಗ ಹಿಡಿದರೆ ಆ ಭಾರ ಕಾಲಿಗೆ ತಿಳಿಯುವುದೇ ಇಲ್ಲ.

ಏರಿನಲ್ಲಿ ಕಥೆ ಬೇರೆ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿ.ಮೀ. ವೇಗ ಉಳಿಸಿಕೊಳ್ಳಲು 10 ಕಿಲೋಗೆ ಸುಮಾರು 15 ವ್ಯಾಟ್ ಹೆಚ್ಚು ಬೇಕು. ಆದರೆ ಹೆಚ್ಚಿನವರು ಅದನ್ನು ಕೊಡುವುದಿಲ್ಲ. ಗೇರ್ ಇಳಿಸಿ, ಅದೇ ಶ್ರಮದಲ್ಲಿ ನಿಧಾನಕ್ಕೆ ಏರುತ್ತಾರೆ. ಅರ್ಧ ಗಂಟೆಯ ಏರು 33–34 ನಿಮಿಷ ಹಿಡಿಯುತ್ತದೆ, ಅಷ್ಟೇ. ಸ್ನಾಯುವಿಗೆ ಗೊತ್ತಾಗುವುದು ಎಷ್ಟು ಬಲವಾಗಿ, ಎಷ್ಟು ಹೊತ್ತು ಒತ್ತಿದಿರಿ ಎಂಬುದು. ಆ ಒತ್ತಡ ಮರಳಿನಿಂದ ಬಂತೋ ಗೇರಿನಿಂದ ಬಂತೋ ಅದಕ್ಕೆ ತಿಳಿಯದು. ಹಿಂದಿನ 28 ಹಲ್ಲಿನ ಚಕ್ರದಿಂದ ಚೈನನ್ನು 25 ಹಲ್ಲಿನದಕ್ಕೆ ಬದಲಾಯಿಸಿ ಅದೇ ಲಯದಲ್ಲಿ ತುಳಿಯಿರಿ. ಪೆಡಲ್ ಮೇಲಿನ ಒತ್ತಡ ಶೇ 12ರಷ್ಟು ಹೆಚ್ಚುತ್ತದೆ. 80 ಕಿಲೋಗೆ 10 ಕಿಲೋ ಸೇರಿಸಿದರೂ ಹೆಚ್ಚುವುದು ಅಷ್ಟೇ.

ಆದ್ದರಿಂದ ಬಲಕ್ಕೆ ಹೀಗೆ ಮಾಡಿ. 15–20 ನಿಮಿಷ ಹಗುರವಾಗಿ ತುಳಿದು ಮೈ ಬೆಚ್ಚಗಾದ ಮೇಲೆ, ಸಣ್ಣ ಏರಿನಲ್ಲೋ ಎದುರುಗಾಳಿಯಲ್ಲೋ ಗಟ್ಟಿ ಗೇರ್ ಹಾಕಿ, ನಿಮಿಷಕ್ಕೆ 55–60 ಸುತ್ತು ಬರುವಂತೆ, ಸೀಟಿನಿಂದ ಏಳದೆ ಐದು ನಿಮಿಷ ತುಳಿಯಿರಿ. ನಾಲ್ಕು ನಿಮಿಷ ಹಗುರ ಗೇರಿನಲ್ಲಿ ಸುಧಾರಿಸಿಕೊಳ್ಳಿ. ಇಂಥ ನಾಲ್ಕು ಸರದಿ, ವಾರಕ್ಕೆ ಒಮ್ಮೆ. ತಿಂಗಳಾದ ಮೇಲೆ ಎರಡು ಬಾರಿ. ಮಂಡಿಚಿಪ್ಪಿನ ಹಿಂದೆ ಅಥವಾ ಸುತ್ತ ನೋವು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಸೀಟು ತೀರಾ ತಗ್ಗಿದ್ದರೂ ಇದೇ ನೋವು ಬರುತ್ತದೆ, ಮೊದಲು ಅದನ್ನು ಸರಿಪಡಿಸಿಕೊಳ್ಳಿ. ತಡೆ ಬೇಕೆಂದು ಬ್ರೇಕನ್ನು ರಿಮ್‌ಗೆ ತಾಗಿಸಿಕೊಂಡು ತುಳಿಯುವವರೂ ಇದ್ದಾರೆ. ಅದರಿಂದ ರಿಮ್ಮೂ ಬ್ರೇಕಿನ ರಬ್ಬರೂ ಸವೆಯುತ್ತವೆ, ಬೇರೇನೂ ಸಿಗುವುದಿಲ್ಲ.

ಇನ್ನು ಪ್ರವಾಸದ ಮಾತು. ಹೇರಿದ ಸೈಕಲ್ ತಿರುವಿನಲ್ಲಿ, ಇಳಿಜಾರಿನಲ್ಲಿ, ಹೊರಡುವಾಗ ಬೇರೆಯೇ ಥರ ನಡೆದುಕೊಳ್ಳುತ್ತದೆ. ಅದು ಕೈಗೆ ಒಗ್ಗಬೇಕಾದರೆ ಭಾರ ಹೇರಿಯೇ ಓಡಿಸಬೇಕು. ಮರಳಿನ ಬದಲು ನೀರು ತೆಗೆದುಕೊಳ್ಳಿ. ಮರಳಿನ ಚೀಲದ ಹೊಲಿಗೆಯಿಂದ ನಾಲ್ಕು ಕಾಳು ಉದುರಿ ಚೈನಿನ ಎಣ್ಣೆಗೆ ಅಂಟಿದರೂ ಸಾಕು, ಆ ಎಣ್ಣೆಯೇ ಚೈನನ್ನು ಅರೆಯುತ್ತದೆ. ನೀರಾದರೆ ಲೀಟರಿಗೆ ಒಂದು ಕಿಲೋ, ತೂಗುವ ಕೆಲಸವಿಲ್ಲ. ಇನ್ನೂ ದೊಡ್ಡ ಅನುಕೂಲ, ಏರು ಮುಗಿದ ಮೇಲೆ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಬಾಟಲಿಗಳನ್ನು ಬಾಯಿಮಟ್ಟ ತುಂಬಿಸಿ ಮುಚ್ಚಿ. ಅರ್ಧ ತುಂಬಿದ ಕ್ಯಾನಿನಲ್ಲಿ ನೀರು ಕುಲುಕುತ್ತದೆ, ತಿರುವಿನಲ್ಲಿ ಸೈಕಲ್ಲನ್ನು ಎಳೆಯುತ್ತದೆ.

ಭಾರ ಇರಬೇಕಾದದ್ದು ಕ್ಯಾರಿಯರಿನ ಎರಡು ಪಕ್ಕದ ಚೀಲಗಳಲ್ಲಿ, ಆದಷ್ಟು ತಗ್ಗಿನಲ್ಲಿ, ಎರಡೂ ಕಡೆ ಸಮನಾಗಿ. ಕ್ಯಾರಿಯರಿನ ನೆತ್ತಿಯ ಮೇಲೆ 10 ಕಿಲೋ ಕಟ್ಟಿದರೆ ಸೈಕಲ್ಲಿನ ಹಿಂಭಾಗ ಓಲಾಡುತ್ತದೆ. ಹ್ಯಾಂಡಲ್‌ಗೆ ನೇತುಹಾಕಿದರೆ ಚಕ್ರ ತಾನಾಗಿಯೇ ಒಂದು ಕಡೆಗೆ ಬೀಳುತ್ತದೆ. ಚೀಲಗಳನ್ನು ತೀರಾ ಹಿಂದಕ್ಕೂ ತಳ್ಳಬೇಡಿ, ಏರಿನಲ್ಲಿ ಮುಂಚಕ್ರ ಹಗುರಾಗಿ ದಾರಿ ತಪ್ಪುತ್ತದೆ. ಹಾಗೆಂದು ಮುಂದಕ್ಕೆ ತಂದರೆ ಹಿಮ್ಮಡಿ ತಗುಲಬಹುದು. ಕೂತು ಪೆಡಲನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಕ್ಯಾರಿಯರಿನ ಮೇಲೆ ಅದು ತಾಳುವ ತೂಕ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 25 ಕಿಲೋ. ಅದು ಗಟ್ಟಿಯಿದ್ದರೂ ಬೋಲ್ಟು ಸಡಿಲಾಗುವುದುಂಟು. ಮೊದಲ ಸವಾರಿಯ ನಂತರ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿ. ಬಲಗಡೆ ಕೆಳಗಿನ ಬೋಲ್ಟಿನ ತುದಿಯನ್ನು ಬಗ್ಗಿ ನೋಡಿ. ಅದು ಎರಡು ಮಿಲಿಮೀಟರ್ ಒಳಕ್ಕೆ ಚಾಚಿಕೊಂಡಿದ್ದರೂ ಅತಿ ಚಿಕ್ಕ ಹಲ್ಲುಚಕ್ರದ ಮೇಲೆ ಬಂದ ಚೈನ್ ಅದಕ್ಕೆ ಉಜ್ಜುತ್ತದೆ. ಟಕಟಕ ಸದ್ದು ಬರುತ್ತದೆ, ಎಷ್ಟೋ ಜನ ಗೇರ್ ಕೆಟ್ಟಿದೆ ಅಂದುಕೊಂಡು ಗೇರನ್ನೇ ತಿರುವುತ್ತಾರೆ. ಒಂದು ವಾಷರ್ ಹಾಕಿದರೆ ಸರಿ. ರಬ್ಬರ್ ಹಗ್ಗದಿಂದ ಕಟ್ಟುವವರು ಅದರ ಕೊಕ್ಕೆ ಚಕ್ರದ ಕಡ್ಡಿಗಳೊಳಗೆ ಜಾರದಂತೆ ನೋಡಿಕೊಳ್ಳಿ, ಓಡುವಾಗ ಸಿಕ್ಕಿದರೆ ಚಕ್ರ ಕಚ್ಚಿ ನಿಲ್ಲುತ್ತದೆ.

ಹಿಂದಿನ ಟೈರಿನ ಗಾಳಿ ಹೆಚ್ಚಿಸುವುದನ್ನು ಮರೆಯಬೇಡಿ. ಈಗ 60 ಪಿಎಸ್‌ಐ ಇದ್ದರೆ, ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೆ, 70 ಮಾಡಿ. ಇಲ್ಲವಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್‌ಗೂ ರಸ್ತೆಗೂ ನಡುವೆ ಜಜ್ಜಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಮೊದಲ ವಾರ 4 ಕಿಲೋ ಸಾಕು. ಕ್ಯಾರಿಯರ್ ತಾಳುವ ಮಿತಿಯೊಳಗೆ ವಾರಕ್ಕೆ 2 ಕಿಲೋ ಏರಿಸುತ್ತ ಹೋಗಿ, ಕೊನೆಯ ಮೂರು ವಾರ ನಿಜವಾದ ಸಾಮಾನನ್ನೇ, ಪ್ರವಾಸದಲ್ಲಿ ಜೋಡಿಸುವ ಹಾಗೇ ಜೋಡಿಸಿ ಓಡಿಸಿ. ಇಳಿಜಾರಿನಲ್ಲಿ ಬ್ರೇಕನ್ನು ಮುಂಚೆಯೇ ಹಿಡಿಯಿರಿ. ಹ್ಯಾಂಡಲ್ ನಡುಗಲು ಶುರುವಾದರೆ ಬಿಗಿಯಾಗಿ ಹಿಡಿಯಬೇಡಿ, ನಡುಕ ಹೆಚ್ಚುತ್ತದೆ. ಎರಡು ಮಂಡಿಗಳ ನಡುವೆ ಫ್ರೇಮಿನ ಮೇಲಿನ ಕೊಳವೆಯನ್ನು ಒತ್ತಿಹಿಡಿದು, ಮೆಲ್ಲಗೆ ಬ್ರೇಕ್ ಹಾಕಿ.

ಪ್ರಶ್ನೆ: ಸೈಕಲ್‌ಗೆ ಕಟ್ಟುವ ಬದಲು ಕಣಕಾಲಿಗೆ ತೂಕದ ಪಟ್ಟಿ ಕಟ್ಟಿಕೊಂಡರೆ?

ಉತ್ತರ: ಏನೂ ಉಪಯೋಗವಿಲ್ಲ. ಎರಡು ಪೆಡಲೂ ಒಂದೇ ಅಚ್ಚಿಗೆ ಸೇರಿವೆ. ಇಳಿಯುವ ಕಾಲಿನ ತೂಕವೇ ಏರುವ ಕಾಲಿನ ತೂಕವನ್ನು ಎತ್ತಿಬಿಡುತ್ತದೆ. ಬೆನ್ನಿಗೆ ಭಾರದ ಚೀಲವೂ ಬೇಡ, ಅದರ ತೂಕ ಸೊಂಟಕ್ಕೂ ಸೀಟಿಗೂ ಅಂಗೈಗೂ ಬೀಳುತ್ತದೆ.

ಪ್ರಶ್ನೆ: ಭಾರ ಹೇರಲು ಶುರುಮಾಡಿದ ಮೇಲೆ ಹಿಂದಿನ ಚಕ್ರದ ಕಡ್ಡಿ ಮೂರು ಸಲ ಮುರಿಯಿತು. ಪ್ರತಿ ಸಲ ಮುರಿದದ್ದನ್ನು ಬದಲಾಯಿಸಿದ್ದೇನೆ.

ಉತ್ತರ: ಕಡ್ಡಿ ಒಂದೇ ಏಟಿಗೆ ಮುರಿಯುವುದು ಅಪರೂಪ. ಚಕ್ರ ಒಂದು ಸುತ್ತು ಬಂದಾಗ, ನೆಲದ ಕಡೆಗೆ ಬಂದ ಕಡ್ಡಿ ಸ್ವಲ್ಪ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಕಿಲೋಮೀಟರಿಗೆ ಸುಮಾರು 480 ಸಲ ಹೀಗಾಗುತ್ತದೆ. ಭಾರ ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚು, ಮೊದಲೇ ಸಡಿಲಿರುವ ಕಡ್ಡಿಗೆ ಇನ್ನೂ ಹೆಚ್ಚು. ಕೊನೆಗೆ ಚಕ್ರದ ನಡುವಿನ ಹಬ್ಬಿನ ಹತ್ತಿರ ಬಾಗಿದ ಕತ್ತಿನಲ್ಲಿ ತುಂಡಾಗುತ್ತದೆ. ಕಡ್ಡಿಗಳನ್ನು ಒಂದೊಂದಾಗಿ ತಂತಿಯಂತೆ ಮೀಟಿ ನೋಡಿ: ಒಂದೇ ಪಕ್ಕದವು ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು. ಮಂದ್ರದಲ್ಲಿ ನುಡಿಯುವುದು ಸಡಿಲವಾಗಿದೆ ಎಂದರ್ಥ. ಮೂರು ಮುರಿದಿವೆ ಎಂದರೆ ಉಳಿದವೂ ಅಷ್ಟೇ ದಣಿದಿವೆ. ಎಲ್ಲ ಕಡ್ಡಿಗಳನ್ನೂ ಹೊಸದು ಹಾಕಿಸಿ, ಸಮನಾಗಿ ಬಿಗಿ ಮಾಡಿಸಿ. ಚಕ್ರವನ್ನೇ ಬದಲಾಯಿಸುವುದಾದರೆ 36 ಕಡ್ಡಿಯದನ್ನು ಆರಿಸಿಕೊಳ್ಳಿ.