ಎಲ್ಲದಕ್ಕೂ ಹೆಂಡತಿಯೇ ನಾಮಿನಿ. ಆದರೂ ವಿಲ್ ಬೇಕಾ?

ಒಂದು ಮನೆ, ಅದರ ಮೇಲೆ ಸಾಲ, ಇಬ್ಬರು ಚಿಕ್ಕ ಮಕ್ಕಳು, ಊರಲ್ಲಿ ವಯಸ್ಸಾದ ತಾಯಿ. ಬ್ಯಾಂಕು, ಪಿಎಫ್, ವಿಮೆ ಎಲ್ಲದಕ್ಕೂ ಹೆಂಡತಿಯೇ ನಾಮಿನಿ. ‘ಆಸ್ತಿ ಇಷ್ಟೇ ಇರುವಾಗ ನಲವತ್ತಕ್ಕೇ ವಿಲ್ ಬರೆಯುವ ಅಗತ್ಯ ಇದೆಯಾ?’ ಅಂತ ಕೇಳಿದ್ದೀರಿ. ನಮ್ಮ ಯಜಮಾನರೂ ಇದೇ ಮಾತು ಹೇಳುತ್ತಿದ್ದರು. ‘ವಿಲ್ ಎಲ್ಲಾ ಎಸ್ಟೇಟ್ ಇರೋರಿಗೆ ಕಣೇ, ನಮಗ್ಯಾಕೆ? ಎಲ್ಲದಕ್ಕೂ ನೀನೇ ನಾಮಿನಿ ಅಲ್ವಾ?’ ಅನ್ನೋರು. ಅವರು ಹೋದಾಗ ಅವರಿಗೆ 41 ವರ್ಷ. ಹೃದಯಾಘಾತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮೊದಲ ಕೆಲವು ತಿಂಗಳು ಅವರು ಹೇಳಿದ್ದೇ ಸರಿ ಅನಿಸಿತು. ಮರಣ ಪ್ರಮಾಣಪತ್ರ, ನನ್ನ ಆಧಾರ್, ಪಾಸ್‌ಬುಕ್ ಕೊಟ್ಟೆ. ಎಫ್‌ಡಿ ದುಡ್ಡು ನನ್ನ ಖಾತೆಗೆ ಬಂತು, ವಿಮೆ ಹಣ ಬಂತು. ಯಾರೂ ಅಡ್ಡ ಮಾತಾಡಲಿಲ್ಲ. ತೊಂದರೆ ಶುರುವಾಗಿದ್ದು ಮನೆಯಿಂದ.

ಮೈಸೂರಿನಲ್ಲಿ 30x40 ಸೈಟಿನಲ್ಲಿ ಕಟ್ಟಿದ ಮನೆ. ಕ್ರಯಪತ್ರದಲ್ಲಿ ಅವರೊಬ್ಬರದೇ ಹೆಸರು. ಆದರೆ ಸಾಲದ ಪತ್ರದಲ್ಲಿ ನನ್ನ ಸಹಿಯೂ ಇತ್ತು. ಅಂದರೆ ಸಾಲ ಪೂರ್ತಿ ನನ್ನ ತಲೆ ಮೇಲೆ, ಮನೆ ಮಾತ್ರ ನನ್ನದಲ್ಲ. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ನನ್ನ ಸಂಬಳದಲ್ಲಿ ಕಂತು ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುವುದು ಆಗದ ಮಾತು. ಮನೆ ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಚಿಕ್ಕದೊಂದು ಮನೆ ನೋಡಿಕೊಳ್ಳೋಣ ಅಂದುಕೊಂಡೆ. ಗಿರಾಕಿಯೂ ಸಿಕ್ಕಿದರು, ಅಡ್ವಾನ್ಸ್ ಕೊಡಲೂ ತಯಾರಿದ್ದರು.

ಅವರ ಕಡೆ ವಕೀಲರು ಕಾಗದ ನೋಡಲು ಕೂತರು. ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ನಾಲ್ಕು ಹೆಸರಿದ್ದವು. ನನ್ನದು, ಮಗಳದು, ಮಗನದು, ಅತ್ತೆಯದು. ವಕೀಲರು ಪೆನ್ಸಿಲ್ ತೆಗೆದು ಮಗನ ಹೆಸರಿನ ಮುಂದಿದ್ದ ‘6 ವರ್ಷ’ ಅನ್ನುವುದಕ್ಕೆ ಒಂದು ಸುತ್ತು ಹಾಕಿದರು. ಆಮೇಲೆ ಅತ್ತೆಯ ಹೆಸರಿಗೆ ಇನ್ನೊಂದು ಸುತ್ತು. ‘ಅಮ್ಮ, ಈ ಮನೆ ನಿಮ್ಮೊಬ್ಬರದಲ್ಲ. ನಿಮ್ಮ ಪಾಲು ಕಾಲು ಭಾಗ ಅಷ್ಟೇ’ ಅಂದರು.

ನಾವು ಮಾಡಿದ ತಪ್ಪು ಇಲ್ಲೇ ಇದೆ. ನೀವೂ ಅದರ ಮೇಲೇ ಕೂತಿದ್ದೀರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಮಿನಿ ಅಂದರೆ ವಾರಸುದಾರ ಅಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸುತ್ತಾರಲ್ಲ, ಹಾಗೆ. ದುಡ್ಡು ಅವರ ಕೈಗೇ ಬರುತ್ತದೆ, ಅವರೇ ಎಣಿಸಿ ಇಟ್ಟುಕೊಳ್ಳುತ್ತಾರೆ, ಆದರೆ ಅದು ಅವರದ್ದಲ್ಲ. ಬ್ಯಾಂಕಿಗೆ ಯಾರೋ ಒಬ್ಬರ ಕೈಗೆ ಹಣ ಕೊಟ್ಟು ತನ್ನ ಜವಾಬ್ದಾರಿ ಕಳೆದುಕೊಳ್ಳಬೇಕು, ಅದಕ್ಕಾಗಿ ನಾಮಿನಿ. ಆ ಹಣದಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ವಿಲ್ ಹೇಳಬೇಕು. ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಸುಪ್ರೀಂ ಕೋರ್ಟ್ ವಿಮೆ ವಿಚಾರದಲ್ಲಿ 1983ರಲ್ಲೇ ಇದನ್ನು ಹೇಳಿತ್ತು. ಷೇರುಗಳ ವಿಚಾರದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. ವಿಮೆಗೆ ಮಾತ್ರ 2015ರಲ್ಲಿ ಕಾನೂನು ಬದಲಾಯಿತು. ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ ನಾಮಿನಿಯಾಗಿದ್ದರೆ ಆ ಹಣ ಸಾಮಾನ್ಯವಾಗಿ ಅವರದ್ದೇ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಒಳ್ಳೆಯದೇ, ಆದರೆ ನಾಲ್ವರನ್ನು ಹಾಕಿದರೂ ನಾಮಿನಿ ನಾಮಿನಿಯೇ.

ಇನ್ನೊಂದು ವಿಷಯ. ನಮ್ಮಂಥವರ ಸ್ವಂತ ಮನೆಗೆ ನಾಮಿನಿ ಬರೆಸುವ ಜಾಗವೇ ಇಲ್ಲ. ಕ್ರಯಪತ್ರದಲ್ಲೂ ಇಲ್ಲ, ಖಾತೆಯಲ್ಲೂ ಇಲ್ಲ. ‘ಎಲ್ಲದಕ್ಕೂ ನೀನೇ ನಾಮಿನಿ’ ಅಂತ ಇವರು ಹೇಳುವಾಗ, ನಮ್ಮ ಬದುಕಿನ ಅತಿ ದೊಡ್ಡ ಆಸ್ತಿ ಆ ‘ಎಲ್ಲ’ದೊಳಗೆ ಇರಲೇ ಇಲ್ಲ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಈಗ ಅತ್ತೆಯ ಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ತಂದೆ ಮೊದಲ ಸಾಲಿನಲ್ಲಿ ಬರುವುದಿಲ್ಲ, ತಾಯಿ ಬರುತ್ತಾಳೆ. ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ನಮ್ಮತ್ತೆ ಒಳ್ಳೆಯವರು. ‘ನಂಗ್ಯಾಕವ್ವ ಮನೆ? ಎಲ್ಲಿ ಹೆಬ್ಬೆಟ್ಟು ಒತ್ತಬೇಕೋ ಹೇಳು, ಒತ್ತುತೀನಿ’ ಅಂದಿದ್ದರು. ಮಗನನ್ನು ಕಳೆದುಕೊಂಡ ತಾಯಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂರಿಸಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ವರ್ಷದ ತಿಥಿ ಕಳೆಯಲಿ ಅಂದುಕೊಂಡೆ. ತಿಥಿ ಆಯಿತು. ಅದಾದ ಸ್ವಲ್ಪ ದಿನಕ್ಕೇ ಅತ್ತೆಯೂ ಹೋದರು. ಅವರೂ ವಿಲ್ ಬರೆದಿರಲಿಲ್ಲ.

ಆಗ ಏನಾಯಿತು ಅಂದರೆ, ಅತ್ತೆಯ ಕಾಲು ಪಾಲು ನನಗೆ ಬರಲಿಲ್ಲ. ಅದು ಅವರ ಮಕ್ಕಳಿಗೆ ಹೋಯಿತು. ಮೈದುನನಿಗೆ ಒಂದು ಪಾಲು, ನಾದಿನಿಗೆ ಒಂದು, ತೀರಿಹೋದ ಮಗನ ಪಾಲು ನನ್ನ ಇಬ್ಬರು ಮಕ್ಕಳಿಗೆ. ಅಂದರೆ ನಾವು ಕಂತು ಕಟ್ಟುತ್ತಿದ್ದ ಮನೆಯಲ್ಲಿ ಹನ್ನೆರಡರಲ್ಲಿ ಒಂದು ಭಾಗ ಮೈದುನನದು, ಇನ್ನೊಂದು ಭಾಗ ಮಸ್ಕತ್‌ನಲ್ಲಿರುವ ನಾದಿನಿಯದು. ಅವರಿಬ್ಬರ ಸಹಿ ಇಲ್ಲದೆ ಮಾರುವ ಹಾಗಿಲ್ಲ. ನಾದಿನಿ ‘ನನಗೆ ಬೇಡ ಅತ್ತಿಗೆ’ ಅಂದಳು, ಅವಳು ಚೆನ್ನಾಗಿರಲಿ. ಆದರೆ ಬೇಡ ಅನ್ನುವುದಕ್ಕೂ ಕಾಗದ ಬೇಕಲ್ವಾ? ಅವಳು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಿ ನನ್ನ ಮೈದುನನ ಹೆಸರಿಗೆ ಪವರ್ ಆಫ್ ಅಟಾರ್ನಿ, ಅಂದರೆ ತನ್ನ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಮಾಡಿ ಕಳಿಸಬೇಕಾಯಿತು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಮೈದುನನಿಗೆ ಆಗ ಅಂಗಡಿಯಲ್ಲಿ ನಷ್ಟವಾಗಿತ್ತು. ಅವನು ತನ್ನ ಪಾಲಿನ ದುಡ್ಡು ಕೇಳಿದ. ಕೊಟ್ಟೆ. ಅವನು ಕೇಳಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಕಾನೂನೇ ಅವನ ಕೈಗೆ ಕೊಟ್ಟಿದ್ದು ಅದು. ಆದರೆ ಅಲ್ಲಿಂದಾಚೆ ಹಬ್ಬಕ್ಕೆ ಹೋಗಿ ಬರುವುದು ಮೊದಲಿನ ಹಾಗೆ ಉಳಿಯಲಿಲ್ಲ.

ಮಕ್ಕಳ ವಿಷಯ ಇದಕ್ಕಿಂತ ಕಷ್ಟ. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಮನೆ, ಜಮೀನು ಇದ್ದರೆ ಹೆತ್ತ ತಾಯಿಯೂ ಕೋರ್ಟ್ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಕ್ಕಳಿಗೆ ಅಗತ್ಯ ಇದೆ ಅಥವಾ ಅವರಿಗೆ ಸ್ಪಷ್ಟವಾಗಿ ಲಾಭ ಇದೆ ಅಂತ ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡಬೇಕು. ಮಕ್ಕಳನ್ನು ಕಾಪಾಡಲು ಮಾಡಿದ ಕಾನೂನು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅರ್ಜಿ, ನೋಟಿಸು, ಮುಂದಿನ ತಾರೀಖು ಅಂತ ಅದು ಎಳೆಯುತ್ತಾ ಹೋಗುತ್ತದೆ, ಕಂತು ಮಾತ್ರ ಪ್ರತಿ ತಿಂಗಳು ಬರುತ್ತದೆ. ಮೊದಲು ಬಂದಿದ್ದ ಗಿರಾಕಿ ಅಷ್ಟರಲ್ಲಿ ಬೇರೆ ಮನೆ ತೆಗೆದುಕೊಂಡಿದ್ದರು. ಕೊನೆಗೆ ಅನುಮತಿ ಸಿಕ್ಕಿತು. ಮಕ್ಕಳ ಪಾಲಿನ ಹಣವನ್ನು ಅವರಿಗೆ 18 ತುಂಬುವವರೆಗೆ ಠೇವಣಿ ಇಡಬೇಕು ಅಂತ ಆದೇಶವಾಯಿತು. ಮನೆ ಕಡಿಮೆ ಬೆಲೆಗೆ ಹೋಯಿತು. ಸಾಲ ತೀರಿಸಿ, ಮೈದುನನಿಗೆ ಕೊಟ್ಟು, ಮಕ್ಕಳ ಠೇವಣಿ ತೆಗೆದಿಟ್ಟ ಮೇಲೆ ಚಿಕ್ಕ ಮನೆ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಈಗಲೂ ಬಾಡಿಗೆ ಮನೆಯಲ್ಲೇ ಇದ್ದೇವೆ.

ಇದಿಷ್ಟನ್ನೂ ತಪ್ಪಿಸಲು ಒಂದು ಹಾಳೆ ಸಾಕಿತ್ತು. ‘ನನ್ನ ನಂತರ ಈ ಮನೆ ನನ್ನ ಹೆಂಡತಿಗೆ’ ಅಂತ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದ ಹಾಳೆ.

ಹಾಗಾಗಿ ‘ಆಸ್ತಿ ಇಷ್ಟೇ ಇರುವಾಗ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹತ್ತು ಮನೆ ಇರುವವರ ಕುಟುಂಬದಲ್ಲಿ ಒಂದು ಮನೆ ಕೋರ್ಟಿನಲ್ಲಿ ಸಿಕ್ಕಿಕೊಂಡರೂ ಉಳಿದವು ಅನ್ನ ಹಾಕುತ್ತವೆ. ಒಂದೇ ಮನೆ, ಅದರ ಮೇಲೂ ಸಾಲ ಇರುವವರಿಗೆ ಅದು ಸಿಕ್ಕಿಕೊಂಡರೆ ಬೇರೆ ದಾರಿ ಇಲ್ಲ. ಆಸ್ತಿ ಎಷ್ಟಿದೆ ಅಂತ ಎಣಿಸಬೇಡಿ. ನೀವಿಲ್ಲದ ಮರುದಿನ ಆ ಮನೆ ಮಾರಬೇಕಾದರೆ ಯಾರ‍್ಯಾರು ಸಹಿ ಹಾಕಬೇಕು ಅಂತ ಎಣಿಸಿ. ನಿಮ್ಮ ಲೆಕ್ಕದಲ್ಲಿ ಈಗಲೇ ನಾಲ್ಕು ಜನ ಇದ್ದಾರೆ, ಅದರಲ್ಲಿ ಇಬ್ಬರಿಗೆ ಸಹಿ ಹಾಕುವ ವಯಸ್ಸಾಗಿಲ್ಲ.

ವಿಲ್ ಬರೆಯುವುದು ಜನ ಅಂದುಕೊಂಡಷ್ಟು ಕಷ್ಟದ ಕೆಲಸ ಅಲ್ಲ. ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಪೇಪರ್ ಬೇಡ. ಕನ್ನಡದಲ್ಲೇ ಬರೆಯಬಹುದು. ನಿಮ್ಮ ಸಹಿ ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿ ತಮ್ಮ ಸಹಿ ಹಾಕಬೇಕು. ಪಾಲು ಸಿಗುವವರನ್ನೇ ಸಾಕ್ಷಿ ಮಾಡಬೇಡಿ, ಮುಂದೆ ಸುಮ್ನೆ ಅನುಮಾನಕ್ಕೆ ದಾರಿ. ನಿಮಗಿಂತ ಚಿಕ್ಕ ವಯಸ್ಸಿನವರು ಸಾಕ್ಷಿಯಾದರೆ ಒಳ್ಳೆಯದು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ ಅಂತಲೇ ನಾನು ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಮುಂದೆ ಹಾಕಿದ ಸಹಿಯನ್ನು ಅಲ್ಲಗಳೆಯುವುದು ಸುಲಭ ಅಲ್ಲ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದೇ ನಡೆಯುತ್ತದೆ. ಮಕ್ಕಳು ಚಿಕ್ಕವರು ಅಂದಿರಿ. ನೀವಿಬ್ಬರೂ ಇಲ್ಲದಿದ್ದರೆ ಯಾರು ನೋಡಿಕೊಳ್ಳಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.

ತಾಯಿಯನ್ನು ಬಿಟ್ಟು ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಕಾನೂನು ತಾಯಿಗೆ ಪಾಲು ಇಟ್ಟಿದ್ದಕ್ಕೆ ಕಾರಣ ಇದೆ. ಸೊಸೆ ಮನೆ ಮಾರಿ ಹೋದರೆ ಆ ಮುದುಕಿ ಎಲ್ಲಿಗೆ ಹೋಗಬೇಕು? ಆದರೆ ಮನೆಯ ಕಾಲು ಭಾಗಕ್ಕಿಂತ, ಅವರ ಹೆಸರಿಗೆ ಇಂತಿಷ್ಟು ಎಫ್‌ಡಿ, ಬದುಕಿರುವವರೆಗೆ ವಾಸಕ್ಕೆ ಜಾಗ ಅಂತ ಬರೆದರೆ ಅವರಿಗೂ ನೆಮ್ಮದಿ, ನಿಮ್ಮ ಹೆಂಡತಿಗೂ ನೆಮ್ಮದಿ. ಈ ಮಾತನ್ನು ತಾಯಿಯ ಎದುರಿಗೇ ಆಡಿ.

‘ವಿಲ್ ಯಾಕೆ, ಈಗಲೇ ಹೆಂಡತಿ ಹೆಸರಿಗೆ ದಾನಪತ್ರ ಮಾಡಿಬಿಡಿ’ ಅಂತ ಹೇಳುವವರೂ ಸಿಗುತ್ತಾರೆ. ನಾನಾದರೆ ಬೇಡ ಅನ್ನುತ್ತೇನೆ. ದಾನಪತ್ರ ನೋಂದಣಿಯಾದ ಮೇಲೆ ಮನಸ್ಸು ಬಂದಾಗ ವಾಪಸ್ ಪಡೆಯಲು ಆಗುವುದಿಲ್ಲ, ವಿಲ್ ನೀವಿರುವವರೆಗೆ ನಿಮ್ಮ ಕೈಯಲ್ಲೇ ಇರುತ್ತದೆ. ಟ್ರಸ್ಟ್, ಅಂದರೆ ಮಕ್ಕಳಿಗಾಗಿ ಆಸ್ತಿ ನೋಡಿಕೊಳ್ಳಲು ಇನ್ನೊಬ್ಬರ ಕೈಗೆ ಒಪ್ಪಿಸುವ ಏರ್ಪಾಡು, ಅದರ ಬಗ್ಗೆಯೂ ಕೇಳಿದ್ದಿರಿ. ಮಕ್ಕಳಲ್ಲಿ ಯಾರಿಗಾದರೂ ಜೀವನಪೂರ್ತಿ ಆರೈಕೆ ಬೇಕಿದ್ದರೆ ಯೋಚಿಸಿ, ಇಲ್ಲದಿದ್ದರೆ ಅದರ ಖರ್ಚು ನಮ್ಮಂಥವರಿಗಲ್ಲ.

ನಾನು ಹೇಳಿದ್ದೆಲ್ಲ ಹಿಂದೂ ಕಾನೂನಿನ ಮಾತು. ಮುಸ್ಲಿಮರಲ್ಲಿ ಬೇರೆ ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಭಾಗಕ್ಕೆ ಮಾತ್ರ ವಿಲ್ ಬರೆಯಬಹುದು. ಕ್ರೈಸ್ತರಲ್ಲಿ ವಿಲ್ ಇಲ್ಲದಿದ್ದರೆ ಮೂರರಲ್ಲೊಂದು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ.

ನಾಮಿನಿ ವಿಚಾರ ಪೂರ್ತಿ ಬಿಟ್ಟುಬಿಡಿ ಅಂತಲೂ ಅಲ್ಲ. ಹಣ ಬೇಗ ಕೈಗೆ ಸಿಗಲು ಅದು ಬೇಕೇ ಬೇಕು. ಮುಖ್ಯವಾಗಿ ಪಿಎಫ್ ನೋಡಿಕೊಳ್ಳಿ. ಮದುವೆಗೆ ಮುಂಚೆ ತಾಯಿಯನ್ನೋ ತಮ್ಮನನ್ನೋ ನಾಮಿನಿ ಮಾಡಿದ್ದರೆ ಮದುವೆಯಾದ ಮೇಲೆ ಅದು ಊರ್ಜಿತ ಅಲ್ಲ, ಹೊಸದಾಗಿ ಬರೆಯಬೇಕು. ನಿಮ್ಮ ಹೆಂಡತಿಯೂ ವಿಲ್ ಬರೆಯಲಿ. ಮಕ್ಕಳಿಲ್ಲದ ಹೆಣ್ಣುಮಗಳು ವಿಲ್ ಬರೆಯದೆ ತೀರಿಕೊಂಡು, ಗಂಡನೂ ಇಲ್ಲದಿದ್ದರೆ, ಅವಳು ದುಡಿದು ಸಂಪಾದಿಸಿದ್ದು ಹೆತ್ತವರಿಗಿಂತ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ. ಇದನ್ನು ನಿಮ್ಮ ತಂಗಿಗೂ, ಆಫೀಸಿನ ಗೆಳತಿಯರಿಗೂ ಹೇಳಿ.

ಊರಲ್ಲಿ ಜಮೀನು ಇನ್ನೂ ತಂದೆಯ ಹೆಸರಲ್ಲೇ ಇದೆ ಅಂದಿದ್ದೀರಿ. ಅದಕ್ಕೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿ. ತಾಯಿ, ಒಡಹುಟ್ಟಿದವರು, ಅಕ್ಕತಂಗಿಯರು ಸಹ, ಎಲ್ಲರೂ ಕೂತು ಮಾತಾಡಿ ವಿಭಾಗ ಪತ್ರ ಬರೆಸಿಕೊಳ್ಳಿ. ನಿಮ್ಮ ವಿಲ್ ನಡೆಯುವುದು ನಿಮ್ಮ ಪಾಲಿಗೆ ಮಾತ್ರ. ಆ ಪಾಲು ಎಷ್ಟು ಅಂತ ತಾಯಿ ಇರುವಾಗಲೇ ಪಹಣಿಯಲ್ಲಿ ಬರಲಿ. ಮನೆಯ ವಿಲ್‌ಗೆ ಮಾತ್ರ ಅದಕ್ಕಾಗಿ ಕಾಯಬೇಡಿ, ಈ ವಾರವೇ ಬರೆಯಿರಿ.