9 ವ್ಯಾಟ್ ಬಲ್ಬ್ ನಂಬಿ ಮೀಟರ್ ಬಿಚ್ಚಬೇಡಿ

ಸರ್, ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಸೀಲ್ ಮುಟ್ಟಬೇಡಿ.

ನಿಮ್ಮ ಪೋಸ್ಟ್ ನನಗೆ ಅರ್ಥವಾಗಿದ್ದು ಹೀಗೆ. ಮನೆಯ ಎಂಸಿಬಿಗಳಿರುವ ಡಿಬಿಯಲ್ಲಿ ಪಿಜೆಮ್-004ಟಿ ಅನ್ನುವ, ಕರೆಂಟ್ ಬಳಕೆ ಅಳೆಯುವ ಸಣ್ಣ ಬೋರ್ಡ್ ಕೂರಿಸಿದ್ದೀರಿ. 9 ವ್ಯಾಟ್ ಎಲ್ಇಡಿ ಬಲ್ಬ್ ಒಂದನ್ನೇ ಹಾಕಿದಾಗ ಅದು 10.1 ತೋರಿಸಿತು. ಅದರ ಅಂಕಿ ಓದುವ ನಿಮ್ಮ ಕೋಡ್‌ನಲ್ಲಿ 0.89ರಿಂದ ಗುಣಿಸಿ 9 ಬರುವ ಹಾಗೆ ಮಾಡಿದಿರಿ. ತಿಂಗಳ ಕೊನೆಗೆ ಕೆಇಬಿ ಮೀಟರ್ ನಿಮ್ಮ ಲೆಕ್ಕಕ್ಕಿಂತ 12 ಪರ್ಸೆಂಟ್ ಜಾಸ್ತಿ ಓಡಿತ್ತು. ಈಗ ಮೀಟರ್ ಒಳಗೆ ಓಟ ತಿದ್ದುವ ಪ್ರಿಸೆಟ್ (ತಿರುಗಿಸುವ ಸಣ್ಣ ತಿರುಪು) ಎಲ್ಲಿದೆ ಅಂತ ಕೇಳುತ್ತಿದ್ದೀರಿ.

1ನ್ನು 0.89ರಿಂದ ಭಾಗಿಸಿ. 1.12 ಬರುತ್ತದೆ. ಆ 12 ಪರ್ಸೆಂಟ್ ಹುಟ್ಟಿದ್ದು ನಿಮ್ಮ ಕೋಡ್‌ನಲ್ಲೇ. 0.89 ತೆಗೆದುಬಿಟ್ಟರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ಇದೇ ದಾರಿಯಲ್ಲಿ ಹೋಗಿ ವಾಪಸ್ ಬಂದವನು ನಾನು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಪ್ಯಾಕೆಟ್ ಮೇಲೆ 9 ವ್ಯಾಟ್ ಅಂತ ಅಚ್ಚಾಗಿದ್ದ ಮಾತ್ರಕ್ಕೆ ಬಲ್ಬ್ 9 ವ್ಯಾಟೇ ಎಳೆಯಬೇಕು ಅಂತೇನಿಲ್ಲ. ಅದು ಬಲ್ಬ್ ಒಳಗಿನ ಡ್ರೈವರ್ ಸರ್ಕ್ಯೂಟ್ ಮೇಲೆ, ವೋಲ್ಟೇಜ್ ಮೇಲೆ ನಿಂತಿರುತ್ತದೆ. ಪವರ್ ಫ್ಯಾಕ್ಟರ್ (ವೋಲ್ಟ್, ಆಂಪ್ ಗುಣಿಸಿದ್ದರಲ್ಲಿ ನಿಜವಾದ ವ್ಯಾಟ್‌ನ ಪಾಲು) ಕೂಡ ಒಂದೊಂದು ಬಲ್ಬಿಗೆ ಒಂದೊಂದು. ಅದಕ್ಕಿಂತ ದೊಡ್ಡ ವಿಷಯ, ವೈರ್ ಸುತ್ತ ಹಾಕಿ ಕರೆಂಟ್ ಅಳೆಯುವ ನಿಮ್ಮ ಪಿಜೆಮ್ ಕಾಯಿಲ್ 100 ಆಂಪ್‌ನದು. ಈ ಬಲ್ಬ್ ಎಳೆಯುವುದು 40-80 ಮಿಲಿಆಂಪ್. ಸ್ಕೇಲಿನ ತೀರಾ ತಳದಲ್ಲಿ ಅಳೆದು, ಅದೇ ಗುಣಾಕಾರವನ್ನು ಗೀಸರ್‌ಗೂ ಹಾಕಿದ್ದೀರಿ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಬೆಂಕಿಪೊಟ್ಟಣ ತೂಗಿ, ಆ ಲೆಕ್ಕದಲ್ಲಿ ಲಾರಿ ತೂಕ ತಿದ್ದಿದ ಹಾಗಾಯಿತು.

ಮೀಟರ್ ಒಳಗೆ ತಿರುಗಿಸುವಂಥದ್ದು ಏನೂ ಇಲ್ಲ. ಹಳೇ ಡಿಸ್ಕ್ ಮೀಟರ್‌ನಲ್ಲಿ ಬ್ರೇಕ್ ಮ್ಯಾಗ್ನೆಟ್ ಸರಿಸಿ ಓಟ ಹೊಂದಿಸುತ್ತಿದ್ದರು. ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಫ್ಯಾಕ್ಟರಿಯ ಟೆಸ್ಟ್ ಬೆಂಚ್ ಮೇಲೆ ಕೂರಿಸಿ, ತಿದ್ದುವ ಅಂಕಿಗಳನ್ನು ಮೆಮೊರಿಯಲ್ಲಿ ಬರೆದು ಮುಚ್ಚುತ್ತಾರೆ. ಕವರ್ ತೆಗೆದರೆ ಎಷ್ಟೋ ಮೀಟರ್‌ಗಳು ಅದನ್ನೂ ದಾಖಲು ಮಾಡಿಕೊಳ್ಳುತ್ತವೆ. ವಿದ್ಯುತ್ ಕಾಯ್ದೆ 2003ರ 135 ಮತ್ತು 138ನೇ ಸೆಕ್ಷನ್ ಓದಿ. 3 ವರ್ಷದವರೆಗೆ ಜೈಲು ಆಗಬಹುದು. "ನಾನು ಸರಿ ಮಾಡಲು ಹೋಗಿದ್ದೆ" ಅಂದರೆ ಯಾರೂ ಕೇಳುವುದಿಲ್ಲ. ಈ ಗುಂಪಿನಲ್ಲಿ ಇನ್ನು ಯಾರೂ ಸೀಲ್ ಬಿಚ್ಚುವ ಉಪಾಯ ಹೇಳಬೇಡಿ, ದಯವಿಟ್ಟು.

ಈಗ ಹೊರಗಿಂದಲೇ ಚೆಕ್ ಮಾಡುವ ರೀತಿ. ನನಗೆ ನಂಬಿಕೆ ಇರುವುದು ಇದೊಂದರ ಮೇಲೆ: ನೀರು ಕಾಯಿಸುವ ರಾಡ್, ಬಕೆಟ್, ಮತ್ತು ಮೊಬೈಲ್ ವಿಡಿಯೋ.

ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಅಂತ ಬರೆದಿರುತ್ತದೆ. 3200 ಅಂತಿದ್ದರೆ ಕೆಂಪು ಎಲ್ಇಡಿಯ ಒಂದು ಮಿಣುಕು 0.3125 ವ್ಯಾಟ್-ಅವರ್. 1600 ಇದ್ದರೆ ಅದರ ಎರಡರಷ್ಟು. ಮನೆಯಲ್ಲಿ ಎಲ್ಲಾ ಆಫ್ ಮಾಡಿ. ಫ್ರಿಜ್, ಯುಪಿಎಸ್, ವೈಫೈ, ಸೆಟ್‌ಟಾಪ್ ಬಾಕ್ಸ್, ಕಾಲಿಂಗ್ ಬೆಲ್ ಟ್ರಾನ್ಸ್‌ಫಾರ್ಮರ್ ಕೂಡ. ಆಮೇಲೆ 1500 ವ್ಯಾಟ್ ರಾಡ್ ಒಂದನ್ನೇ ಹಾಕಿ. ರಾಡ್ ಯಾಕೆಂದರೆ ಸಾಮಾನ್ಯ ರಾಡ್‌ನಲ್ಲಿ ಥರ್ಮೋಸ್ಟಾಟ್ ಇರುವುದಿಲ್ಲ, ಮಧ್ಯೆ ಕಟ್ ಆಗುವುದಿಲ್ಲ. ಗೀಸರ್, ಇಸ್ತ್ರಿಪೆಟ್ಟಿಗೆ ಎರಡೂ ಕಟ್ ಆಗುತ್ತವೆ. ಇಂಡಕ್ಷನ್ ಸ್ಟೌ ಬೇಡವೇ ಬೇಡ. ಪ್ಲಾಸ್ಟಿಕ್ ಬಕೆಟ್, ದೊಡ್ಡ ಸಾಕೆಟ್. ರಾಡ್ ನೀರಿನಲ್ಲಿ ಮುಳುಗಿದ ಮೇಲೇ ಸ್ವಿಚ್ ಹಾಕಿ. ಸ್ವಿಚ್ ತೆಗೆದು ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಬಾತ್‌ರೂಮ್ ಬಾಗಿಲು ಹಾಕಿಕೊಳ್ಳಿ.

100 ಪಲ್ಸ್ ಎಣಿಸಿ. ಮೊದಲ ಮಿಣುಕು ಸೊನ್ನೆ, ಒಂದಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. 3200ರ ಮೀಟರ್‌ನಲ್ಲಿ 100 ಪಲ್ಸ್ ಅಂದರೆ 31.25 ವ್ಯಾಟ್-ಅವರ್. ಸರಿಯಾಗಿ 1500 ವ್ಯಾಟ್ ಇದ್ದರೆ 75 ಸೆಕೆಂಡ್ ಹಿಡಿಯುತ್ತದೆ. 10 ಪಲ್ಸ್ ಎಣಿಸಿ ನಿಲ್ಲಿಸಿದರೆ ಏಳೂವರೆ ಸೆಕೆಂಡ್ ಅಷ್ಟೇ. ಸ್ಟಾಪ್‌ವಾಚ್ ಒತ್ತುವ ಬೆರಳು 0.4 ಸೆಕೆಂಡ್ ಹಿಂದೆ ಮುಂದೆ ಆದರೆ ಅಲ್ಲೇ 5 ಪರ್ಸೆಂಟ್ ಹೋಯಿತು. ಅದಕ್ಕೇ ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿ.

ಆದರೆ ರಾಡ್ ಮೇಲೆ ಬರೆದ 1500 ಅನ್ನು ನಂಬಿದರೆ ಬಲ್ಬ್ ಕತೆಯೇ ಮತ್ತೆ ಶುರು. ಹೀಟರ್ ಕಾಯಿಲ್‌ನಲ್ಲಿ ವ್ಯಾಟ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. 230ಕ್ಕೆ 1500 ಅಂದರೆ, ಸಂಜೆ 215ಕ್ಕೆ ಇಳಿದಾಗ ಸುಮಾರು 1310 ಅಷ್ಟೇ. ಹೀಟರ್‌ಗಳಿಗೆ 10 ಪರ್ಸೆಂಟ್ ಕಡಿಮೆ ಇರಲು ಸ್ಟ್ಯಾಂಡರ್ಡ್‌ನಲ್ಲೇ ಅವಕಾಶ ಇದೆ. ಅದಕ್ಕೆ ರಾಡ್ ಕೇವಲ ಲೋಡ್. ಅಳತೆಗೆ ಇನ್ನೊಂದು ಮೀಟರ್ ಬೇಕು. ಬಾಡಿಗೆ ಮನೆಗಳಿಗೆ ಹಾಕುವ ಸಬ್ ಮೀಟರ್ ಒಂದನ್ನು ತನ್ನಿ. ಐಎಸ್ಐ ಗುರುತು, ಕ್ಲಾಸ್ 1, ಟೆಸ್ಟ್ ಸರ್ಟಿಫಿಕೇಟ್ ಮೂರೂ ಇರಲಿ. ಸೆಕ್ಯೂರ್, ಎಚ್‌ಪಿಎಲ್ ಕಂಪನಿಗಳದು ಯಾವುದಾದರೂ ನನಗೆ ಒಪ್ಪಿಗೆ. ಹೆಸರೇ ಇಲ್ಲದ, ಡಿಸ್‌ಪ್ಲೇ ಮಾತ್ರ ಚೆನ್ನಾಗಿರುವ ಅಗ್ಗದ ಮೀಟರ್‌ಗೆ ದುಡ್ಡು ಸುರಿಯಬೇಡಿ. ಸಬ್ ಮೀಟರನ್ನು ಸೀಲ್ ಮಾಡಿದ ಮೀಟರ್‌ನ ಆಚೆ, ನಿಮ್ಮ ಕಡೆಯ ವೈರಿಂಗ್‌ನಲ್ಲಿ ಸೀರೀಸ್ ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಎರಡೂ ಎಲ್ಇಡಿ ಒಂದೇ ಫ್ರೇಮ್‌ನಲ್ಲಿ ಬರುವ ಹಾಗೆ ವಿಡಿಯೋ ಹಿಡಿಯಿರಿ. ಎರಡರ ಮೂಲಕವೂ ಹೋಗುವುದು ಅದೇ ಕರೆಂಟ್, ಅದೇ ವೋಲ್ಟೇಜ್, ಅದೇ ಸಮಯ. ವೋಲ್ಟೇಜ್ ಎಷ್ಟಾದರೂ ಕುಣಿಯಲಿ, ಲೆಕ್ಕ ಕೆಡುವುದಿಲ್ಲ.

ಎರಡೂ ಕ್ಲಾಸ್ 1 ಅಂದರೆ ಒಂದೊಂದಕ್ಕೂ 1 ಪರ್ಸೆಂಟ್ ಆಚೀಚೆ ಇರಬಹುದು. ನಡುವೆ 2 ಪರ್ಸೆಂಟ್ ವ್ಯತ್ಯಾಸ ಬಂದರೆ ಜಗಳ ಮಾಡಬೇಡಿ. 5 ದಾಟಿದರೆ ಮಾತ್ರ ಸಬ್‌ಡಿವಿಷನ್‌ನಲ್ಲಿ ಶುಲ್ಕ ಕಟ್ಟಿ ಮೀಟರ್ ಟೆಸ್ಟ್‌ಗೆ ಅರ್ಜಿ ಕೊಡಿ. ಅವರು ರೆಫರೆನ್ಸ್ ಮೀಟರ್ ತಂದು ನಿಮ್ಮ ಎದುರೇ ನೋಡುತ್ತಾರೆ. ರಿಪೋರ್ಟ್ ಕೇಳಿ ತೆಗೆದುಕೊಳ್ಳಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಅಂಚಿನಲ್ಲಿರುವವರಿಗೆ ಇದು ಸಣ್ಣ ವಿಷಯ ಅಲ್ಲ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅಲ್ವಾ.

ಕ್ಲಾಂಪ್ ಮೀಟರ್ ಸಾಕು ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸಾಕಾಗುವುದಿಲ್ಲ. ಸಾಮಾನ್ಯ ಕ್ಲಾಂಪ್‌ಗೇ ಒಂದೂವರೆ ಎರಡು ಪರ್ಸೆಂಟ್ ತಪ್ಪಿರುತ್ತದೆ, ಮೇಲೆ ಅದು ಪವರ್ ಫ್ಯಾಕ್ಟರ್ ನೋಡುವುದಿಲ್ಲ. 1 ಪರ್ಸೆಂಟ್ ಮೀಟರನ್ನು ಅದರಲ್ಲಿ ಹೇಗೆ ತೂಗುತ್ತೀರಿ?

ಇಎಸ್‌ಪಿ32 (ಕೋಡ್ ಓಡಿಸುವ ಸಣ್ಣ ಚಿಪ್ ಬೋರ್ಡ್) ಜೊತೆ ಕರೆಂಟ್ ಅಳೆಯುವ ಎಸ್‌ಸಿಟಿ-013 ಕಾಯಿಲ್ ಹಾಕಿ ಸ್ವಂತ ಮೀಟರ್ ಕಟ್ಟುವವರು ಇದನ್ನು ಗಮನಿಸಿ. ರಾಡ್ ಮೇಲೆ ಎಲ್ಲಾ ಸರಿ ಬಂತು ಅಂತ ನಿಲ್ಲಿಸಬೇಡಿ. ಕಾಯಿಲ್‌ನಿಂದ ಕರೆಂಟ್ ಅಲೆ 1 ಡಿಗ್ರಿ ಸರಿದರೆ ರಾಡ್‌ನಲ್ಲಿ ಗೊತ್ತೇ ಆಗುವುದಿಲ್ಲ. ಪವರ್ ಫ್ಯಾಕ್ಟರ್ 0.5 ಇರುವ ಮೋಟಾರ್‌ನಲ್ಲಿ ಅದೇ 1 ಡಿಗ್ರಿ 3 ಪರ್ಸೆಂಟ್ ತಪ್ಪು ತರುತ್ತದೆ. ಮೊದಲು ವೋಲ್ಟೇಜ್, ಆಮೇಲೆ ರಾಡ್ ಮೇಲೆ ಕರೆಂಟ್, ಕೊನೆಗೆ ಸಂಪಿನ ಪಂಪ್ ಓಡಿಸಿ ಪಲ್ಸ್ ಜೊತೆ ತಾಳೆ ನೋಡಿ ಅಲೆ ಸರಿದದ್ದನ್ನು ಕೋಡ್‌ನಲ್ಲಿ ತಿದ್ದಿ. ಪಿಜೆಮ್ ಆದರೆ ಫ್ಯಾಕ್ಟರಿಯಲ್ಲೇ ಹೊಂದಿಸಿ ಬಂದಿರುತ್ತದೆ. ಜೊತೆಗೆ ಬಂದ ಕಾಯಿಲನ್ನೇ ಬಳಸಿ. ಡೇಟಾಶೀಟ್‌ನಲ್ಲಿರುವ ಕ್ಯಾಲಿಬ್ರೇಷನ್ ಕಮಾಂಡನ್ನು ಸುಮ್ನೆ ಕಳಿಸಿ ನೋಡಬೇಡಿ, ಅದು ಫ್ಯಾಕ್ಟರಿಯವರಿಗೆ ಇಟ್ಟಿದ್ದು.

0.89 ತೆಗೆದ ಮೇಲೂ ವ್ಯತ್ಯಾಸ ಉಳಿದರೆ ನ್ಯೂಟ್ರಲ್ ನೋಡಿ. ನಮ್ಮ ಸಿಂಗಲ್ ಫೇಸ್ ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರ ಕರೆಂಟೂ ಅಳೆದು ಯಾವುದು ಜಾಸ್ತಿಯೋ ಅದನ್ನು ಲೆಕ್ಕ ಹಿಡಿಯುತ್ತವೆ. ಮೇಲಿನ ಮನೆಯವರ ನ್ಯೂಟ್ರಲ್ ನಿಮ್ಮದಕ್ಕೆ ಸೇರಿದ್ದರೆ ಅವರ ಕರೆಂಟಿಗೆ ನೀವು ಬಿಲ್ ಕಟ್ಟುತ್ತಿರುತ್ತೀರಿ. ನಿಮ್ಮ ಪಿಜೆಮ್ ಕಾಯಿಲ್ ಇರುವುದು ಫೇಸ್ ಮೇಲೆ, ಅದಕ್ಕೆ ಇದು ಕಾಣುವುದಿಲ್ಲ. ಫೇಸ್ ಎಂಸಿಬಿ ಮಾತ್ರ ಆಫ್ ಮಾಡಿ. ಆಗಲೂ ಮೀಟರ್‌ನ ಪಲ್ಸ್ ಎಲ್ಇಡಿ ಮಿಣುಕುತ್ತಿದ್ದರೆ, ಅಥವಾ ಮೀಟರ್ ಮುಖದಲ್ಲಿ ಅರ್ತ್ ಲೀಕೇಜ್ ಗುರುತು ಹತ್ತಿದ್ದರೆ, ತಪ್ಪು ವೈರಿಂಗ್‌ನಲ್ಲಿದೆ. ಯುಪಿಎಸ್ ಹಾಕಿಸಿದ ಮನೆಗಳಲ್ಲಿ ನ್ಯೂಟ್ರಲ್ ಕಲೆಸಿಟ್ಟಿರುವುದು ಜಾಸ್ತಿ.

ಬಾಲ್ಕನಿಯಲ್ಲಿ ಸಣ್ಣ ಆನ್‌ಗ್ರಿಡ್ (ಮನೆಯ ಲೈನ್‌ಗೇ ಕರೆಂಟ್ ಸೇರಿಸುವ) ಸೋಲಾರ್ ಪ್ಲಗ್ ಮಾಡುತ್ತೇನೆ ಎಂದವರಿಗೂ ಒಂದು ಮಾತು. ಒಳಗೆ ಬಂದದ್ದು, ಹೊರಗೆ ಹೋದದ್ದು ಬೇರೆ ಬೇರೆ ಎಣಿಸುವ ನೆಟ್ ಮೀಟರ್ ಇಲ್ಲದೆ ಮಾಡಬೇಡಿ. ಅನುಮತಿ ಬೇಕು ಅನ್ನುವುದು ಒಂದು. ಇನ್ನೊಂದು, ಸಾಮಾನ್ಯ ಮೀಟರ್ ಉಲ್ಟಾ ಹೋದ ಕರೆಂಟನ್ನೂ ಬಳಕೆ ಅಂತಲೇ ಕೂಡಿಸುತ್ತದೆ.

0.89 ತೆಗೆದು ಒಂದು ವಾರ ಓಡಿಸಿ. ಮೀಟರ್ ಮುಖದ ಫೋಟೋ, 100 ಪಲ್ಸ್‌ನ ಸಮಯ, ಆ ಹೊತ್ತಿನ ವೋಲ್ಟೇಜ್ ಇಲ್ಲೇ ಹಾಕಿ. ಆರ್‌ಆರ್ ನಂಬರ್ ಮುಚ್ಚಿ ಹಾಕಿ.