ಪಿಟೀಲಿನ ಪುಟ, ಪಿಯಾನೊ ಪುಟ

ಕಳೆದ ತಿಂಗಳು ಪಾಶ್ಚಾತ್ಯ ಪಿಟೀಲಿನ ಸ್ವರಲಿಪಿ ಪುಸ್ತಕಗಳ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಹಲವರು ಹೆಸರು ಹಾಕಬೇಡಿ ಎಂದಿದ್ದಾರೆ. ಆದ್ದರಿಂದ ಎಲ್ಲರದೂ ಊರು ಮಾತ್ರ.

ಮಗಳಿಗೆ ಹನ್ನೊಂದು ವರ್ಷ, ಪಿಟೀಲು ಹಿಡಿದು ಮೂರು ವರ್ಷ. ಈಗ ಅವಳ ಮೇಷ್ಟರು ಕನ್ಚರ್ಟೊ ಶುರು ಮಾಡೋಣ ಎನ್ನುತ್ತಿದ್ದಾರೆ. ಕನ್ಚರ್ಟೊ ಎಂದರೆ ದೊಡ್ಡ ವಾದ್ಯವೃಂದದ ಮುಂದೆ ನಿಂತು ನುಡಿಸುವುದಲ್ಲವೆ? ಅವಸರವಾಯಿತೇನೋ ಎಂಬ ಭಯ. – ಓದುಗರು, ಶಿವಮೊಗ್ಗ

ಭಯ ಬೇಡ ತಾಯಿ. ಮೇಷ್ಟರ ಮನಸ್ಸಿನಲ್ಲಿರುವುದು ಮೆಂಡೆಲ್‌ಸನ್ ಬರೆದಂಥ ಕಷ್ಟದ ಕನ್ಚರ್ಟೊ ಆಗಿರಲಾರದು. ಬಹುಶಃ ಆಸ್ಕರ್ ರೀಡಿಂಗ್ ಎಂಬ ರಚನಕಾರನದು. ಅವನ ಬಿ ಮೈನರ್ (ಸ್ವರಶ್ರೇಣಿಯ ಹೆಸರು) ಕನ್ಚರ್ಟೊ, ಓಪಸ್ (ಕೃತಿಸಂಖ್ಯೆ) 35, ಕಲಿಯುವ ಮಕ್ಕಳಿಗೆಂದೇ ಬರೆದದ್ದು. ಮೂರು ಭಾಗಗಳನ್ನೂ ಎಡಗೈ ಮೊದಲ ಪೊಸಿಷನ್ನಿನಿಂದ, ಅಂದರೆ ಪಿಟೀಲಿನ ಕುತ್ತಿಗೆಯ ತುದಿಯ ಜಾಗದಿಂದ, ಕದಲದಂತೆ ನುಡಿಸಿ ಮುಗಿಸಬಹುದು. ಅದೇ ಸಾಲಿನಲ್ಲಿ ಫ್ರೀಡ್ರಿಶ್ ಜೈಟ್ಸ್‌ನ ವಿದ್ಯಾರ್ಥಿ ಕನ್ಚರ್ಟೊಗಳಿವೆ. ಸುಜುಕಿ ಪಾಠಮಾಲೆಯ ನಾಲ್ಕನೆಯ ಪುಸ್ತಕದಲ್ಲಿ ಅವುಗಳ ಭಾಗಗಳು ಸಿಗುತ್ತವೆ, ಜೊತೆಗೆ ವಿವಾಲ್ದಿಯ ಎ ಮೈನರ್ ಕನ್ಚರ್ಟೊ ಕೂಡ. ಆಮೇಲೆ 1868ರ ಆಕೊಲೇ ಕನ್ಚರ್ಟೊ ಬರುತ್ತದೆ, ಅದಕ್ಕೆ ಒಂದೇ ಭಾಗ. ಅಲ್ಲಿಂದ ಬ್ರೂಖ್, ಮೆಂಡೆಲ್‌ಸನ್ನರ ತನಕ ಹೋಗಬೇಕಾದರೆ ಕ್ರೂಟ್ಸರ್‌ನ 42 ಅಭ್ಯಾಸಗಳನ್ನು ತಿಕ್ಕಿ ತಿಕ್ಕಿ ವರ್ಷಗಳೇ ಕಳೆಯುತ್ತವೆ. ಆ ಚಿಂತೆ ಈಗ ಬೇಡ.

ಕಲಿಯುವಾಗ ವಾದ್ಯವೃಂದದ ಬದಲು ಪಿಯಾನೊ ಜೊತೆ ಕೊಡುತ್ತದೆ. ಮೊದಲ ಕನ್ಚರ್ಟೊದಲ್ಲಿ ಮಕ್ಕಳನ್ನು ಕಾಡುವುದು ಸುಮ್ಮನೆ ನಿಲ್ಲುವ ಜಾಗ. ಪಿಟೀಲಿನ ಪುಟದಲ್ಲಿ ದಪ್ಪನೆಯ ಒಂದು ಅಡ್ಡಗೆರೆ, ಅದರ ಮೇಲೊಂದು ಅಂಕಿ: ಇಷ್ಟು ಬಾರ್ (ತಾಳದ ಆವರ್ತದಂಥ ಅಳತೆ) ಪಿಯಾನೊದ್ದು, ನೀನು ಕಾಯಬೇಕು ಎಂದರ್ಥ. ನನ್ನ ಶಿಷ್ಯನೊಬ್ಬ ಎಂಟು ಬಾರ್ ಕಾಯಬೇಕಾದಲ್ಲಿ ಆರಕ್ಕೇ ನುಗ್ಗಿದ. ತಪ್ಪೆಂದು ಗೊತ್ತಾದ ಮೇಲೂ ಕಮಾನು ಎತ್ತದೆ ಇಡೀ ಸಾಲು ನುಡಿಸಿದ. ಪಿಯಾನೊದಲ್ಲಿ ಕೂತಿದ್ದ ನಾನು ಅವನ ಬೆನ್ನಟ್ಟಿ ಓಡಿದೆ. ಮನೆಗೆ ಬಂದವಳೇ ಆ ಅಡ್ಡಗೆರೆಯ ಮೇಲೆ ಪಿಯಾನೊದ ಕೊನೆಯ ಎರಡು ಬಾರಿನ ಧಾಟಿಯನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದುಕೊಟ್ಟೆ. ಅಂಕಿ ಎಣಿಸುವ ಬದಲು ಆ ಧಾಟಿ ಕೇಳಿಸಿದ ಕೂಡಲೇ ಕಮಾನು ಇಡುವುದು ಅವನಿಗೆ ರೂಢಿಯಾಯಿತು. ಮಗಳ ಪುಸ್ತಕದಲ್ಲೂ ಹಾಗೆ ಬರೆದುಕೊಡಲು ಮೇಷ್ಟರನ್ನು ಕೇಳಿ.

ಮಗನ ಪುಸ್ತಕದ ವಿವಾಲ್ದಿಗೂ ಇಂಟರ್ನೆಟ್ಟಿನಲ್ಲಿ ಸಿಕ್ಕ ವಿವಾಲ್ದಿಗೂ ಕೆಲವು ಕಡೆ ಸ್ವರಗಳೇ ಬೇರೆ. ಯಾವುದು ಸರಿ? – ಓದುಗರು, ಹುಬ್ಬಳ್ಳಿ

ನೀವು ಹೇಳುತ್ತಿರುವುದು ಮೇಲೆ ಬಂದ ಅದೇ ಎ ಮೈನರ್ ಎಂದುಕೊಳ್ಳುತ್ತೇನೆ. 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಓಪಸ್ 3 ಎಂಬ ಗುಚ್ಛದಲ್ಲಿ ಅದು ಆರನೆಯದು. ಎಷ್ಟೋ ಕಾಲದ ಮೇಲೆ ತಿವಾದಾರ್ ನಾಚೆಜ್ ಎಂಬ ಹಂಗೇರಿಯ ಪಿಟೀಲುವಾದಕ ಅದನ್ನು ತನ್ನ ರುಚಿಗೆ ತಕ್ಕಂತೆ ತಿದ್ದಿದ. ಸುಜುಕಿ ಪುಸ್ತಕ ಹಿಡಿದದ್ದು ಅವನ ದಾರಿಯನ್ನೇ. ವಿವಾಲ್ದಿ ಬರೆದದ್ದೇ ಬೇಕೆಂದರೆ ಮೂಲಪಾಠ ಎಂದು ಹೇಳಿಕೊಂಡ ಆವೃತ್ತಿ ಕೊಳ್ಳಿ. ಹುಡುಗ ಈಗಾಗಲೇ ನಾಚೆಜ್ ಪಾಠ ಕಲಿತಿದ್ದರೆ ಮಾತ್ರ ಬದಲಿಸುವ ಗೋಜಿಗೆ ಹೋಗಬೇಡಿ, ಬೆರಳಿಗೆ ಹತ್ತಿದ್ದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಪಿಟೀಲಿನ ಪುಟ ಒಂದು ಆವೃತ್ತಿಯದು, ಪಿಯಾನೊ ಪುಸ್ತಕ ಇನ್ನೊಂದರದು ಆಗಕೂಡದು. ಒಮ್ಮೆ ನನ್ನ ಮನೆಯಲ್ಲೇ ಹೀಗಾಯಿತು. ಅಭ್ಯಾಸದ ಗುರುತಿಗೆಂದು ಪುಟದಲ್ಲಿ ಎ, ಬಿ ಎಂದು ಅಕ್ಷರ ಹಾಕಿರುತ್ತಾರೆ. ‘ಬಿ ಅಕ್ಷರದಿಂದ ಶುರು ಮಾಡೋಣ’ ಎಂದರೆ ಹುಡುಗಿ ಒಂದು ಕಡೆ, ನಾನು ಇನ್ನೊಂದು ಕಡೆ. ಇಬ್ಬರೂ ಸರಿ, ಕೇಳುವವರಿಗೆ ಮಾತ್ರ ಕರ್ಕಶ.

ಸ್ವರಲಿಪಿಯನ್ನು ಇಂಟರ್ನೆಟ್ಟಿನಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳುವುದು ಕಳ್ಳತನವೆ? – ಓದುಗರು, ಬೆಂಗಳೂರು

ಯಾರ ಕೃತಿ ಎಂಬುದರ ಮೇಲೆ ಹೋಗುತ್ತದೆ. ನಮ್ಮ ದೇಶದ ಕಾನೂನಿನಂತೆ ಸಂಗೀತ ರಚಿಸಿದವನು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪಿಟೀಲುವಾದಕ, ರಚನಕಾರ ಫ್ರಿಟ್ಸ್ ಕ್ರೈಸ್ಲರ್ 1962ರ ಜನವರಿಯಲ್ಲಿ ತೀರಿಕೊಂಡ. ಹಾಗಾಗಿ 2023ರ ಜನವರಿ 1ರಿಂದ ಅವನ ಕೃತಿಗಳು ಇಲ್ಲಿ ಎಲ್ಲರವೂ ಆದವು. 2006ರಲ್ಲಿ ಶುರುವಾದ ಐಎಂಎಸ್‌ಎಲ್‌ಪಿ ತಾಣದಲ್ಲಿ ಹಳೆಯ ಮುದ್ರಣಗಳು ಬೇಕಾದಷ್ಟಿವೆ. ಆದರೆ ಮೊನ್ನೆ ಮೊನ್ನೆ ಯಾರೋ ಶ್ರಮಪಟ್ಟು ಬೆರಳು, ಕಮಾನು ಗುರುತು ಹಾಕಿ ಹೊರತಂದ ಹೊಸ ಆವೃತ್ತಿಯನ್ನು ಸ್ಕ್ಯಾನ್ ಮಾಡಿ ಹಂಚುವುದು ಬೇರೆ ಮಾತು. ಆ ಕೆಲಸದ ಹಕ್ಕು ಅವರದು.

ಕ್ರೈಸ್ಲರ್‌ನ ಹೆಸರು ಬಂದಾಗಲೆಲ್ಲ ನನಗೆ ನಗು ಬರುತ್ತದೆ. ಎಷ್ಟೋ ವರ್ಷ ಅವನು ತಾನೇ ಬರೆದ ತುಣುಕುಗಳನ್ನು ಪುನ್ಯಾನಿಯದು, ಕೂಪ್ರ್ಯಾಂನದು ಎಂದು ಹಳೆಯ ಕಾಲದವರ ತಲೆಗೆ ಕಟ್ಟಿ ನುಡಿಸಿದ. 1935ರಲ್ಲಿ ‘ಎಲ್ಲವೂ ನನ್ನವೇ’ ಎಂದು ಒಪ್ಪಿಕೊಂಡಾಗ ಕೆಲವು ವಿಮರ್ಶಕರು ಕೆಂಡಾಮಂಡಲವಾದರು. ಇನ್ನೊಬ್ಬರದನ್ನು ತನ್ನದೆನ್ನುವ ಕಳ್ಳರನ್ನು ಕಂಡಿದ್ದೇವೆ, ಇವನದು ತಲೆಕೆಳಗಾದ ಕಳ್ಳತನ. ಬ್ರೂಖ್‌ನದು ಬೇರೆಯೇ ಕಥೆ. ತನ್ನ ಮೊದಲ ಪಿಟೀಲು ಕನ್ಚರ್ಟೊವನ್ನು ಪ್ರಕಾಶಕನೊಬ್ಬನಿಗೆ ಒಂದೇ ಕಂತಿನಲ್ಲಿ ಮಾರಿಬಿಟ್ಟ. ಜಗತ್ತೆಲ್ಲ ಅದನ್ನೇ ನುಡಿಸುತ್ತಿದ್ದಾಗ ಅವನ ಕೈಗೆ ರಾಯಧನದ ಕಾಸೂ ಬರಲಿಲ್ಲ.

ಮುದ್ರಿಸುವಾಗ ಒಂದು ಎಚ್ಚರ. ಅಚ್ಚಿನ ಪುಸ್ತಕದ ಪುಟ ಸುಮಾರು 23 ಸೆಂಟಿಮೀಟರ್ ಅಗಲ, 31 ಉದ್ದ. ಎ4 ಹಾಳೆ ಅದಕ್ಕಿಂತ ಚಿಕ್ಕದು, ಸ್ವರಗಳೂ ಕುಗ್ಗುತ್ತವೆ. ನನ್ನ ವಯಸ್ಸಿನವರು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿಕೊಳ್ಳುವುದು ಮೇಲು. ಬಿಡಿ ಹಾಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಬಟ್ಟೆ ಕ್ಲಿಪ್ಪು ಹಾಕಿಡಿ. ಸೀಲಿಂಗ್ ಫ್ಯಾನಿಗೆ ಸಂಗೀತದ ಮರ್ಯಾದೆ ಗೊತ್ತಿಲ್ಲ.

ಕರ್ನಾಟಕ ಪಿಟೀಲು ಕಲಿತವನು ನಾನು. ಐದು ಗೆರೆಯ ಲಿಪಿಯ ಕೆಳಗೆ ಸರಿಗಮ ಬರೆದುಕೊಂಡು ನುಡಿಸಬಹುದೆ? – ಓದುಗರು, ಧಾರವಾಡ

ಮೊದಲ ಪುಟದ ಮಟ್ಟಿಗೆ ಬರೆದುಕೊಳ್ಳಿ, ಆಮೇಲೆ ಅಳಿಸಿ. ನಮ್ಮ ಷಡ್ಜವನ್ನು ನಮಗೆ ಬೇಕಾದ ಶ್ರುತಿಯಲ್ಲಿ ಇಟ್ಟುಕೊಳ್ಳುತ್ತೇವೆ, ಕಛೇರಿ ಮುಗಿಯುವವರೆಗೆ ಅದು ಅಲುಗುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ತುಣುಕಿನ ನಡುವೆಯೇ ಆಧಾರ ಸ್ವರ ಜಾಗ ಬದಲಿಸುತ್ತದೆ. ನೀವು ಬರೆದ ‘ಸ’ ಎರಡನೆಯ ಪುಟದಲ್ಲಿ ‘ಸ’ ಆಗಿ ಕೇಳಿಸುವುದೇ ಇಲ್ಲ. ತಂತಿಯ ಶ್ರುತಿಯೂ ಬೇರೆ: ನಮ್ಮದು ಸ ಪ ಸ ಪ, ಅವರದು ಜಿ ಡಿ ಎ ಇ. ನಾನೂ ಆ ಕಡೆಯಿಂದ ಈ ಕಡೆಗೆ ಬಂದವಳೇ. ಗೆರೆಗಳನ್ನು ನೇರವಾಗಿ ಓದಲು ಕಲಿತ ಮೇಲೆ ತಲೆನೋವು ಹೋಯಿತು.

ಮಗಳು ಪಿಟೀಲು ನುಡಿಸುತ್ತಾಳೆ, ನಾನು ಅಷ್ಟಿಷ್ಟು ಪಿಯಾನೊ. ಇಬ್ಬರೂ ಸೇರಿ ನುಡಿಸಲು ಯಾವ ಪುಸ್ತಕ ಕೊಳ್ಳಲಿ? – ಓದುಗರು, ಮೈಸೂರು

ಬಂದ ಪತ್ರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ದ್ವೊರ್ಜಾಕ್‌ನ ಸೊನಾಟಿನಾ (ಪುಟ್ಟ ಸೊನಾಟಾ, ಇಲ್ಲಿ ಪಿಟೀಲು-ಪಿಯಾನೊ ಜೋಡಿಗೆ ಬರೆದ ಹಲವು ಭಾಗಗಳ ಕೃತಿ), ಓಪಸ್ 100 ಕೊಳ್ಳಿ. 1893ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಅದನ್ನು ತನ್ನ ಮಕ್ಕಳಿಗಾಗಿಯೇ ಬರೆದ. ಪಿಯಾನೊಗೆ ಹದಿನೈದರ ಒಟಿಲಿ, ಪಿಟೀಲಿಗೆ ಹತ್ತರ ಆಂಟೊನಿನ್. ಎರಡನೆಯ ಭಾಗದ ಧಾಟಿ ಮಿನ್ನೆಹಾಹಾ ಜಲಪಾತದ ಮುಂದೆ ಹೊಳೆಯಿತಂತೆ, ಕಾಗದವಿಲ್ಲದೆ ಅಂಗಿಯ ತೋಳಪಟ್ಟಿಯ ಮೇಲೆ ಗೀಚಿಕೊಂಡನಂತೆ. ಮಗಳು ಇನ್ನೂ ಸ್ವಲ್ಪ ಬೆಳೆದ ಮೇಲೆ ಬೀಥೋವನ್‌ನ ‘ವಸಂತ’ ಸೊನಾಟಾ ಹಿಡಿಯಿರಿ. ಅಲ್ಲಿ ಪಿಟೀಲು ಮೊದಲು ಹಾಡಿದ್ದನ್ನೇ ಪಿಯಾನೊ ಮತ್ತೆ ಹಾಡುತ್ತದೆ.

ಫ್ರಾಂಕ್‌ನ ಸೊನಾಟಾದ ಆಸೆ ಸದ್ಯಕ್ಕೆ ಬೇಡ, ಪಿಯಾನೊ ಪುಟ ಕಂಡರೆ ಕೈ ನಡುಗುತ್ತದೆ. ರಷ್ಯದ ರಚನಕಾರ ಮೆಟ್ನರ್‌ನ ಮೂರು ಪಿಟೀಲು ಸೊನಾಟಾಗಳೂ ಹಾಗೆಯೇ. ಆದರೂ ಮೈಸೂರಿನವರಿಗೆ ಆ ಹೆಸರು ಗೊತ್ತಿರಲಿ. ಜಯಚಾಮರಾಜ ಒಡೆಯರು ಹಣ ಕೊಟ್ಟು ಅವನ ಸಂಗೀತವನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸಲು ನೆರವಾದರು. ಅವನು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದ.

ಮಗಳ ಕನ್ಚರ್ಟೊಗಳಿಗೂ ಜೊತೆ ಕೊಡಬೇಕಾದೀತು. ಇಡೀ ವಾದ್ಯವೃಂದವನ್ನು ಹತ್ತು ಬೆರಳಿಗೆ ತುರುಕಿದ ಪುಟಗಳು ಅವು. ಎಲ್ಲ ಸ್ವರವನ್ನೂ ಒತ್ತಲೇಬೇಕೆಂಬ ಹಟ ಬೇಡ. ಎಡಗೈಯ ಕೆಳಸ್ವರ ಬಿಡಬೇಡಿ, ಪಿಟೀಲಿಗೆ ಉತ್ತರ ಕೊಡುವ ತುಣುಕು ಬಿಡಬೇಡಿ, ಉಳಿದದ್ದರಲ್ಲಿ ಕೈಗೆ ಸಿಕ್ಕಷ್ಟು ಸಾಕು. ನಿಮ್ಮ ಎರಡು ಸಾಲುಗಳ ಮೇಲೆ ಮಗಳ ಸಾಲನ್ನೂ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಕಣ್ಣು ಅಲ್ಲಿರಲಿ. ಅವಳು ಗಾಬರಿಯಾಗಿ ಎರಡು ಬಾರ್ ಹಾರಿದರೆ ನೀವೂ ಹಾರಬೇಕು. ಅವಳ ಪುಟದಲ್ಲಿ ನಿಮ್ಮ ಸಾಲು ಇರುವುದಿಲ್ಲ.